ನಾಲ್ಕಿಂಚು ಎತ್ತರ

ಐದಡಿ ಮೂರಿಂಚಿನ ಆ ಮನುಷ್ಯನಿಗೆ ಟವರಣ್ಣ ಎಂದು ಹೆಸರು ಬಿದ್ದು ಹದಿನೈದು ವರ್ಷವಾಗಿತ್ತು. ಊರಾಚೆಯ ಗುಡ್ಡದ ತುದಿಯಲ್ಲಿ ಫೋನ್ ಕಂಪನಿಯ ಟವರೊಂದಿತ್ತು. ಅದರ ಜನರೇಟರಿಗೆ ಡೀಸೆಲ್ ತುಂಬುವುದು, ಬ್ಯಾಟರಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಪ್ರತಿ ಸೋಮವಾರ ಪಿಕಪ್ಪಿನ ಹಿಂದೆ ಎರಡು ಡ್ರಮ್ಮು ಡೀಸೆಲ್ ಕಟ್ಟಿಕೊಂಡು ಹತ್ತುತ್ತಿದ್ದ, ಖಾಲಿ ಡ್ರಮ್ಮು ಕಟ್ಟಿಕೊಂಡು ಇಳಿಯುತ್ತಿದ್ದ. ಮೊದಲೆಲ್ಲ ಗುಡ್ಡದ ಮಣ್ಣುಹಾದಿ ದಾರಿ ಅನ್ನಿಸಿಕೊಳ್ಳುವ ಹಾಗಿತ್ತು. ಏಳೆಂಟು ಮಳೆಗಾಲ ಮಣ್ಣನ್ನು ಕೊಚ್ಚಿಕೊಂಡು ಹೋದ ಮೇಲೆ ಕಲ್ಲುಗಳಷ್ಟೇ ಉಳಿದಿದ್ದವು.

ಆ ಸೋಮವಾರ ಮೂರನೇ ತಿರುವಿನಲ್ಲಿ ಗಾಡಿಯ ಹೊಟ್ಟೆಗೆ ಕಲ್ಲು ಬಡಿದ ಸದ್ದು ಅವನ ಹಲ್ಲಿನವರೆಗೂ ಬಂತು. ಇಳಿದು ಬಗ್ಗಿ ನೋಡಿದರೆ ಇಂಜಿನ್ನಿನ ಕೆಳಗಿನ ಎಣ್ಣೆಯ ಚೇಂಬರ್ ಬಿರುಕು ಬಿಟ್ಟಿತ್ತು, ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಸೋಪಿನ ತುಂಡು ಉಜ್ಜಿ ಬಿರುಕು ಮುಚ್ಚಿದ. ಹೇಗೋ ಮೇಲೆ ಹೋಗಿ ಡೀಸೆಲ್ ಇಳಿಸಿ, ಜೀವ ಕೈಯಲ್ಲಿ ಹಿಡಿದುಕೊಂಡು ಕೆಳಗೆ ಬಂದು ಗ್ಯಾರೇಜು ಸೇರಿದ.

ಗ್ಯಾರೇಜಿನ ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿ, ಅಲ್ಲಿಂದಲೇ ಮಾತಾಡಿದ.

"ಟವರಣ್ಣ, ಈ ವರ್ಷಕ್ಕೆ ಇದು ಮೂರನೇ ಚೇಂಬರ್ರು. ನಾನು ಬೆಸುಗೆ ಹಾಕ್ತಾನೇ ಇರ್ತೀನಿ, ನೀವು ಒಡೀತಾನೇ ಇರಿ. ಗಾಡಿ ಎತ್ತರ ಮಾಡಿಸಿ ಅಂತ ಆರು ವರ್ಷದಿಂದ ಬಡ್ಕೊಳ್ತಾ ಇದ್ದೀನಿ."

"ಸರಿ, ಮಾಡೋಣ," ಎಂದ ಟವರಣ್ಣ.

ಮೇಸ್ತ್ರಿ ಹೊರಗೆ ತೆವಳಿಕೊಂಡು ಬಂದು ಅವನ ಮುಖ ನೋಡಿದ. ಆರು ವರ್ಷದಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು.

ಎತ್ತರ ಮಾಡಿಸದೆ ಇದ್ದುದಕ್ಕೆ ಕಾರಣವಿತ್ತು. ಮೊದಲು ಹೆಂಡತಿ. ಅವಳ ಮೂತ್ರಪಿಂಡ ಕೈಕೊಟ್ಟು ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಬೇಕಾಗಿತ್ತು. ಹೋಗುವಾಗ ಹೇಗೋ ಗಾಡಿ ಹತ್ತುತ್ತಿದ್ದಳು. ಬರುವಾಗ ಬಾಗಿಲಿನ ಹಿಡಿ ಹಿಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಕಾಲೆತ್ತಿ ಇಡುತ್ತಿದ್ದಳು. ಆ ಮೆಟ್ಟಿಲನ್ನು ಇನ್ನೂ ಮೇಲಕ್ಕೆ ಏರಿಸುವ ಮಾತು ಅವನ ತಲೆಗೇ ಬರಲಿಲ್ಲ. ಅವಳು ತೀರಿಕೊಂಡು ಮೂರು ವರ್ಷ. ಅವಳ ನಂತರ ಆ ಸೀಟಿಗೆ ಅವಳ ಅಪ್ಪ ಬಂದರು. ವಯಸ್ಸು ಎಪ್ಪತ್ತಾರು, ದರ್ಜಿ, ಎರಡು ಬೀದಿ ಆಚೆ ಒಬ್ಬರೇ ವಾಸ. ಹೊಲಿಗೆ ಯಂತ್ರ ತುಳಿದೂ ತುಳಿದೂ ಎರಡು ಮಂಡಿಯೂ ಸವೆದಿದ್ದವು. ಮಗಳು ಹೋದ ತಿಂಗಳೊಪ್ಪತ್ತಿಗೆ ಫೋನು ಮಾಡಿ, "ಅಳಿಯಂದ್ರೆ, ಗುರುವಾರ ಬಿಡುವಿದ್ಯಾ? ಮಂಡಿ ತೋರಿಸ್ಬೇಕಿತ್ತು," ಎಂದಿದ್ದರು. ಅಂದಿನಿಂದ ಪ್ರತಿ ಗುರುವಾರ ಆಸ್ಪತ್ರೆ, ಆಮೇಲೆ ಎದುರಿನ ಹೋಟೆಲಿನಲ್ಲಿ ಇಬ್ಬರೂ ಊಟ, ಆಮೇಲೆ ಮನೆ. ಮಂಡಿಯ ಮಾತು, ಹವೆಯ ಮಾತು, ಹೋಟೆಲಿನಲ್ಲಿ ಕೂತವರ ಶರ್ಟಿನ ಕಾಲರು ಯಾರು ಕೆಡಿಸಿ ಹೊಲಿದಿರಬಹುದು ಎನ್ನುವ ಮಾತು. ಅವಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಮೇಸ್ತ್ರಿ ಒಂದು ರಟ್ಟಿನ ಡಬ್ಬ ಹರಿದು, ಅದರ ಒಳಮೈ ಮೇಲೆ ಪೆನ್ಸಿಲಿನಲ್ಲಿ ಗಾಡಿಯ ಚಿತ್ರ ಬರೆದ.

"ನೋಡಿ, ಮೂರು ದಾರಿ ಇದೆ. ಒಂದು, ಈಗಿರೋ ಸ್ಪ್ರಿಂಗ್ ಮೇಲೇ ಕಬ್ಬಿಣದ ಬಿಲ್ಲೆ ಕೂರ್ಸೋದು. ಎರಡಿಂಚು ಎತ್ತರ ಆಗುತ್ತೆ, ಆದ್ರೆ ಭಾರ ಹೊರೋ ಶಕ್ತಿ ಮೊದಲಿನಷ್ಟೇ. ನಿಮಗೆ ಬೇಡ. ಎರಡನೇದು, ಸ್ಪ್ರಿಂಗೇ ಬದಲಾಯಿಸೋದು. ಮುಂದೆ ಗಟ್ಟಿ ಸ್ಪ್ರಿಂಗು, ಹಿಂದೆ ಹೊಸ ಕಮಾನು ಪಟ್ಟಿ, ಹೊಸ ಶಾಕ್ ಅಬ್ಸಾರ್ಬರು. ಎರಡಿಂಚು ಎತ್ತರ. ಡ್ರಮ್ಮು ಹೊತ್ರೂ ಕುಸಿಯಲ್ಲ. ಮೂರನೇದು ನಾಲ್ಕಿಂಚು. ನೋಡೋಕೆ ಗತ್ತು. ಕಲ್ಲಿನ ಅಪ್ಪ ಬಂದ್ರೂ ಹೊಟ್ಟೆಗೆ ತಾಗಲ್ಲ. ಆದ್ರೆ ಗಾಡಿ ತಲೆಭಾರ ಆಗುತ್ತೆ. ಇಳಿಜಾರಲ್ಲಿ ಪಕ್ಕಕ್ಕೆ ವಾಲುತ್ತೆ. ಮತ್ತೆ ನಿಮ್ಮ ಎತ್ತರಕ್ಕೆ ಏಣಿ ಇಟ್ಕೊಂಡೇ ಓಡಾಡ್ಬೇಕು."

"ನನ್ನ ಎತ್ತರದ ಸುದ್ದಿಗೆ ಬರ್ಬೇಡ."

"ಬರಲ್ಲಪ್ಪ. ಈಗ ಭಾರ ಹೇಳಿ. ಎರಡು ಡ್ರಮ್ಮು, ಸಾಮಾನು ಪೆಟ್ಟಿಗೆ. ಮುಂದೆ ಯಾರ್ಯಾರು ಕೂರ್ತಾರೆ?"

"ನಾನೊಬ್ಬನೇ."

"ಮಾವನವರು?"

"ಅವ್ರು ಚಿಕ್ಕ ಮಗಳ ಮನೆಗೆ ಹೋಗ್ತಿದಾರೆ. ಇನ್ನು ಅಲ್ಲೇ ಇರೋದು."

ಮೇಸ್ತ್ರಿ ರಟ್ಟಿನ ಮೇಲೆ 'ಆಳು ಒಂದು' ಎಂದು ಬರೆದ.

ಹಿಂದಿನ ಗುರುವಾರವಷ್ಟೇ ಮಾವ ಹೋಟೆಲಿನಲ್ಲಿ ಕೈ ತೊಳೆದು ಬಂದು ಕೂತು, ಗಿರಾಕಿಗೆ ಬಟ್ಟೆ ಕೊಡುವ ತೇದಿ ಹೇಳುವ ದನಿಯಲ್ಲಿ ಆ ವಿಷಯ ಹೇಳಿದ್ದರು. ಚಿಕ್ಕ ಮಗಳಿದ್ದದ್ದು ರೈಲಿನಲ್ಲಿ ಒಂದು ಹಗಲಿನ ದೂರದ ನಗರದಲ್ಲಿ. ಎರಡು ವರ್ಷದಿಂದ ಕರೆಯುತ್ತಿದ್ದಳು. "ಮೂರನೇ ಮಹಡಿಯಂತೆ, ಆದ್ರೆ ಲಿಫ್ಟ್ ಇದೆಯಂತೆ. ಬರೋ ತಿಂಗಳ ಮೊದಲನೇ ಭಾನುವಾರ ಹೊರಡೋದು ಅಂತ ಮಾಡ್ಕೊಂಡಿದೀವಿ," ಎಂದಿದ್ದರು. ಟವರಣ್ಣ "ಒಳ್ಳೇದಾಯ್ತು ಮಾವ" ಎಂದ. ಬೇರೆ ಏನು ಹೇಳಬಹುದು ಎಂದು ಮನೆಗೆ ಬಂದ ಮೇಲೂ ಯೋಚಿಸಿದ. ಮಗಳು ಇದ್ದಾಗ ಮಾವ. ಮಗಳೇ ಇಲ್ಲದ ಮೇಲೆ ಯಾವ ಹಕ್ಕಿನಿಂದ ಇಲ್ಲೇ ಇರಿ ಎನ್ನುವುದು?

ರಟ್ಟನ್ನು ಮನೆಗೆ ತಂದ. ಮುಂದಿನ ಕೋಣೆಯ ಮೇಜಿನ ಮೇಲೆ ಅದನ್ನು ಹರಡಲು ಜಾಗವಿರಲಿಲ್ಲ. ಇಸ್ತ್ರಿ ಮಾಡಬೇಕಾದ ಬಟ್ಟೆ, ಹಳೆಯ ಬ್ಯಾಟರಿ ಮೀಟರು, ತೆರೆಯದ ಎರಡು ಕಾಗದ. ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಮೊಟ್ಟೆ ಬೇಯುವವರೆಗೂ ಮೇಸ್ತ್ರಿಯ ಪೆನ್ಸಿಲ್ ಗೀಟುಗಳನ್ನು ನೋಡಿದ, ಸಿಪ್ಪೆ ಸುಲಿಯುತ್ತಾ ನೋಡಿದ, ತಿನ್ನುತ್ತಾ ನೋಡಿದ. ಎರಡಿಂಚು ಸಾಕು ಎಂದು ಅವನಿಗೆ ಗೊತ್ತಿತ್ತು. ಆದರೆ ಯಾರಾದರೂ ಒಬ್ಬರು ಎದುರಿಗೆ ಕೂತು "ಎರಡೇ ಸಾಕು ಬಿಡ್ರೀ" ಎಂದರೆ ಚೆನ್ನಾಗಿತ್ತು. ಹೆಂಡತಿಗೆ ಗಾಡಿಯ ಗಂಧಗಾಳಿ ಇರಲಿಲ್ಲ. ಆದರೂ ಎಲ್ಲಕ್ಕೂ ಅವಳದೊಂದು ಅಭಿಪ್ರಾಯ ಇದ್ದೇ ಇರುತ್ತಿತ್ತು, ಟೈರಿನ ಬಣ್ಣಕ್ಕೂ ಸೇರಿ.

ಸಂಜೆ ಆರಕ್ಕೆ ಕಂಪನಿಯ ಕಂಟ್ರೋಲ್ ರೂಮಿಗೆ ಫೋನು ಮಾಡಿ ದಿನದ ವರದಿ ಕೊಡುವುದಿತ್ತು. ಆ ಕಡೆಯ ಹೆಂಗಸಿನ ದನಿ ಅವನಿಗೆ ನಾಲ್ಕು ವರ್ಷದ ಪರಿಚಯ. ಮುಖ ನೋಡಿರಲಿಲ್ಲ. ಬ್ಯಾಟರಿಯ ಅಂಕಿ, ಡೀಸೆಲ್ ಮಟ್ಟ ಎಲ್ಲ ಹೇಳಿ ಮುಗಿಸಿ, ತಡೆಯಲಾರದೆ ಕೇಳಿಯೇಬಿಟ್ಟ.

"ಮೇಡಂ, ಎರಡಿಂಚು ಒಳ್ಳೇದೋ ನಾಲ್ಕಿಂಚೋ? ನಿಮಗೇನನ್ಸುತ್ತೆ?"

"ಯಾವ ಪೈಪು ಸರ್?"

"ಪೈಪಲ್ಲ, ಗಾಡಿ. ಗಾಡಿ ಎತ್ತರ ಮಾಡಿಸ್ತಿದೀನಿ."

"ಓ." ಆ ಕಡೆ ಕೀಲಿಮಣೆ ಕುಟ್ಟುವ ಸದ್ದು. "ಅದಕ್ಕೆ ನಮ್ಮ ಫಾರಮ್ಮಲ್ಲಿ ಜಾಗ ಇಲ್ಲ ಸರ್. ಬೇರೇನಾದ್ರೂ ದೂರು ಇದ್ಯಾ?"

"ಇಲ್ಲ," ಎಂದು ಫೋನಿಟ್ಟ.

ಗುರುವಾರ ಬೆಸುಗೆ ಹಾಕಿಸಿದ ಗಾಡಿಯನ್ನು ಮಾವನ ಮನೆಯ ಮುಂದೆ ನಿಲ್ಲಿಸಿ, ಎಂದಿನಂತೆ ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲು ಇಟ್ಟ. ಮಾವ ಅದರ ಮೇಲೆ ಹತ್ತಿ, ಅಲ್ಲಿಂದ ಗಾಡಿಗೆ ಹತ್ತುವುದು ವಾಡಿಕೆ. ದಾರಿಯಲ್ಲಿ ವಿಷಯ ತಿಳಿಸಿದ. ಮಾವನಿಗೆ ನಗು ಬಂತು.

"ಅಂದ್ರೆ ಗಾಡಿಗೆ ಪ್ಯಾಂಟು ಉದ್ದ ಮಾಡಿಸ್ತೀರಾ ಅನ್ನಿ! ನೋಡಿ ಮತ್ತೆ, ನನಗೂ ಲಿಫ್ಟು, ನಿಮ್ಮ ಗಾಡಿಗೂ ಲಿಫ್ಟು."

"ಎರಡಿಂಚು ಹಾಕಿಸಿದ್ರೆ ಸ್ಟೂಲಿಂದ ಹತ್ಬಹುದು ಮಾವ. ನಾಲ್ಕಾದ್ರೆ ಕಷ್ಟ. ಅದಕ್ಕೆ ಯೋಚ್ನೆ."

ಮಾವ ಜೇಬಿನಿಂದ ಟೇಪು ತೆಗೆದರು. ಹೊಲಿಗೆ ಬಿಟ್ಟು ವರ್ಷವಾದರೂ ಟೇಪು ಜೇಬಿನಲ್ಲೇ ಇರುತ್ತಿತ್ತು. ಆಸ್ಪತ್ರೆಯ ಅಂಗಳದಲ್ಲಿ ಇಳಿದವರೇ ನೆಲದಿಂದ ಗಾಡಿಯ ಮೆಟ್ಟಿಲಿಗೆ ಅಳೆದರು, ತಮ್ಮ ಪಾದದಿಂದ ಮಂಡಿಗೆ ಅಳೆದರು, ಏನೋ ಲೆಕ್ಕ ಹಾಕಿ ಟೇಪು ಸುತ್ತಿ ಜೇಬಿಗಿಟ್ಟರು.

"ನನ್ನ ಲೆಕ್ಕ ಬಿಡಿ ಅಳಿಯಂದ್ರೆ. ಊರು ಬಿಟ್ಟು ಹೋಗೋವನ ಅಳತೆ ತಗೊಂಡು ಏನು ಹೊಲೀತೀರಾ? ನಿಮಗೆ ಎಷ್ಟು ಬೇಕೋ ಅಷ್ಟು ಹಾಕಿಸ್ಕೊಳ್ಳಿ. ಇದು ನಮ್ಮ ಕೊನೇ ಗುರುವಾರ ತಾನೇ? ಡಾಕ್ಟರು ಇವತ್ತು ಕಾಗದ ಎಲ್ಲ ಕೊಟ್ಬಿಡ್ತಾರೆ."

ಅವರು ಸಹಜವಾಗಿಯೇ ಹೇಳಿದ್ದು. ಟವರಣ್ಣನಿಗೆ ಮಾತ್ರ ಎಲ್ಲೋ ಚುರುಕ್ ಎಂದಿತು. ಮೂರು ವರ್ಷದ ಗುರುವಾರಗಳನ್ನು ಟೇಪಿನ ಜೊತೆಗೇ ಸುತ್ತಿ ಜೇಬಿಗೆ ಇಟ್ಟುಬಿಟ್ಟರಲ್ಲ ಎನ್ನಿಸಿತು. ಹೋಟೆಲಿನಲ್ಲಿ ಅರ್ಧ ಊಟ ಮಾಡಿ ತಟ್ಟೆ ಸರಿಸಿದ. "ಹುಷಾರಿಲ್ವಾ?" ಎಂದರು ಮಾವ. "ಹಸಿವಿಲ್ಲ," ಎಂದ.

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ನಾಲ್ಕಿಂಚು ಹಾಕು ಎಂದ.

ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟ. "ಎರಡು ಅಂತ ನಾನು ಗುರುತು ಹಾಕಿದ್ನಲ್ಲ?"

"ನಾಲ್ಕು ಹಾಕು. ಹತ್ತೋವ್ನು ನಾನೊಬ್ಬನೇ, ಹೇಗೋ ಹತ್ಕೊಳ್ತೀನಿ."

"ಹಟ ಮಾಡೋ ವಯಸ್ಸಾ ಇದು? ಗುಡ್ಡದ ದಾರಿ..."

"ಹಾಕ್ತೀಯೋ, ಬೇರೆ ಕಡೆ ಹೋಗ್ಲೋ?"

ಎರಡು ದಿನ ಕೆಲಸ ನಡೆಯಿತು. ಟವರಣ್ಣ ಎರಡು ದಿನವೂ ಗ್ಯಾರೇಜಿನ ಬೆಂಚಿನ ಮೇಲೆ ಕೂತು ನೋಡಿದ. ಗಾಡಿಯನ್ನು ಜ್ಯಾಕಿನ ಮೇಲೆ ಏರಿಸಿ ಚಕ್ರ ಬಿಚ್ಚಿದರು. ತುಕ್ಕು ಹಿಡಿದ ಹಳೆಯ ಬೋಲ್ಟುಗಳು ಸುತ್ತಿಗೆಯ ಏಟಿಗೂ ಜಗ್ಗದೆ, ಬೆಂಕಿ ತೋರಿಸಿದ ಮೇಲೆ ಸಡಿಲಾದವು. ಮುಂದೆ ಉದ್ದನೆಯ ಸ್ಪ್ರಿಂಗು ಬಂತು. ಹಿಂದೆ ಪಟ್ಟಿಗಳ ಕೆಳಗೆ ಕಬ್ಬಿಣದ ದಿಂಡು ಕೂತಿತು. ಬ್ರೇಕಿನ ಪೈಪು ಗಿಡ್ಡವಾಯಿತೆಂದು ಉದ್ದನೆಯದು ಹಾಕಿದರು. ಶನಿವಾರ ಸಂಜೆ ಗಾಡಿ ನೆಲಕ್ಕಿಳಿದಾಗ ಅದು ಅವನ ಗಾಡಿಯ ಹಾಗೆ ಕಾಣಲಿಲ್ಲ, ಯಾರದೋ ಗಾಡಿ ಬಾಗಿಲಿಗೆ ಬಂದು ನಿಂತ ಹಾಗಿತ್ತು. ಹಿಡಿ ಹಿಡಿದು ಜಿಗಿದು ಹತ್ತಿದ. ಮೇಸ್ತ್ರಿ ನಗಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಕಸಿವಿಸಿಯಾಯಿತು.

ಸೋಮವಾರ ಗುಡ್ಡ ಹತ್ತಿದ. ಮೂರನೇ ತಿರುವಿನ ಕಲ್ಲು ಸದ್ದಿಲ್ಲದೆ ಹೊಟ್ಟೆಯ ಕೆಳಗೆ ದಾಟಿಹೋಯಿತು. ಐದನೆಯ ತಿರುವೂ ಹಾಗೆಯೇ. ಅವನಿಗೆ ಖುಷಿಯಾಯಿತು. "ನೋಡಿದ್ರಾ!" ಎಂದು ಜೋರಾಗಿಯೇ ಹೇಳಿದ. ಕ್ಯಾಬಿನ್ನಿನಲ್ಲಿ ಇನ್ಯಾರೂ ಇರಲಿಲ್ಲ.

ಏಳನೆಯ ತಿರುವಿನಲ್ಲಿ ದಾರಿಯ ಒಂದು ಬದಿ ಕುಸಿದಿತ್ತು. ಎಡಗಡೆಯ ಚಕ್ರಗಳು ಕೆಳಗಿಳಿದವು, ಗಾಡಿ ವಾಲಿತು. ಮೊದಲಾದರೆ ವಾಲಿ ಅಲ್ಲಿಗೇ ನಿಲ್ಲುತ್ತಿತ್ತು. ಈಗ ವಾಲುತ್ತಲೇ ಹೋಯಿತು. ಹಿಂದೆ ಹಗ್ಗ ಜಗ್ಗಿ, ಡೀಸೆಲ್ ತುಂಬಿದ ಡ್ರಮ್ಮೊಂದು ಧಡ್ ಎಂದು ಎಡಕ್ಕೆ ಸರಿಯಿತು. ಬಲಗಡೆಯ ಚಕ್ರ ನೆಲ ಬಿಟ್ಟಿದ್ದು ಸ್ಟಿಯರಿಂಗಿನಲ್ಲೇ ತಿಳಿಯಿತು. ಕಿಟಕಿಯಲ್ಲಿ ಆಕಾಶದ ಬದಲು ಕಣಿವೆಯ ಪೊದೆಗಳು ಕಂಡವು. ಬ್ರೇಕು ತುಳಿಯದೆ ಸ್ಟಿಯರಿಂಗನ್ನು ಇಳಿಜಾರಿನ ಕಡೆಗೇ ಸ್ವಲ್ಪ ತಿರುಗಿಸಿದ. ಯಾರೂ ಕಲಿಸಿದ್ದಲ್ಲ, ಕೈ ತಾನಾಗಿ ಮಾಡಿತು. ಚಕ್ರ ನೆಲಕ್ಕೆ ಬಿತ್ತು. ಹತ್ತು ಹೆಜ್ಜೆ ಮುಂದೆ ಸಮತಟ್ಟಿನಲ್ಲಿ ಗಾಡಿ ನಿಲ್ಲಿಸಿ, ಇಳಿದು, ಬಂಡೆಯೊಂದರ ಮೇಲೆ ಕೂತ.

ಬಿದ್ದಿದ್ದರೆ? ಸಂಜೆ ಆರಕ್ಕೆ ವರದಿ ಹೋಗುತ್ತಿರಲಿಲ್ಲ. ಆ ಹೆಂಗಸು ತನ್ನ ಫಾರಮ್ಮಿನಲ್ಲಿ ಟವರಿನ ನಂಬರಿನ ಮುಂದೆ ಒಂದು ಗೀಟು ಎಳೆಯುತ್ತಿದ್ದಳು. ನಾಳೆ ಇನ್ನೊಂದು ಗೀಟು. ಯಾರೋ ಫೋನು ಮಾಡುತ್ತಿದ್ದರು, ಅದು ಪೊದೆಯೊಳಗೆ ಗಂಟೆ ಹೊಡೆಯುತ್ತಿತ್ತು. ಗುರುವಾರದ ಹೊತ್ತಿಗೆ ಮಾವನಿಗೆ ಗೊತ್ತಾಗುತ್ತಿತ್ತು ಎಂದುಕೊಂಡ. ಆಮೇಲೆ ಗುರುವಾರ ಇನ್ನಿಲ್ಲ ಎನ್ನುವುದು ನೆನಪಾಯಿತು.

ಡ್ರಮ್ಮುಗಳನ್ನು ಬಿಗಿಯಾಗಿ ಕಟ್ಟಿ, ಉಳಿದ ದಾರಿಯನ್ನು ಆಮೆಯ ಹಾಗೆ ಏರಿ, ಹಾಗೆಯೇ ಇಳಿದು, ನೇರ ಗ್ಯಾರೇಜಿಗೆ ಬಂದ.

"ಬಿಚ್ಚು," ಎಂದ.

ಮೇಸ್ತ್ರಿ ಅವನ ಮುಖ ನೋಡಿ ಮೊದಲು ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ. ಕಥೆಯೆಲ್ಲ ಕೇಳಿದ. "ನಾನು ಹೇಳಿದ್ದೆ ಅಂತ ಹೇಳಲ್ಲ," ಎಂದ. ಲೋಟಕ್ಕೆ ಮತ್ತೆ ನೀರು ಸುರಿದು, "ಆದ್ರೆ ಹೇಳಿದ್ದೆ," ಎಂದ. ಟವರಣ್ಣನಿಗೆ ನಗು ಬಂದು, ಅದರ ಜೊತೆ ಬೇರೆ ಏನೋ ಬರುವಂತಾಗಿ, ಲೋಟ ಬಾಯಿಗಿಟ್ಟುಕೊಂಡ.

ಎರಡಿಂಚಿನ ಗಟ್ಟಿ ಸ್ಪ್ರಿಂಗು, ಹೊಸ ಪಟ್ಟಿ ಬೇರೆ ಊರಿನಿಂದ ಬರಬೇಕಿತ್ತು. ಎರಡು ವಾರ ಎಂದರು. ಮಾವನ ಪ್ರಯಾಣದ ಭಾನುವಾರ ಅದಕ್ಕೆ ಮೊದಲೇ ಬಂತು.

ಅಪ್ಪನನ್ನು ಕರೆದೊಯ್ಯಲು ಚಿಕ್ಕ ಮಗಳು ಹಿಂದಿನ ದಿನವೇ ಬಂದಿದ್ದಳು. ಭಾನುವಾರ ಬೆಳಿಗ್ಗೆ ಸಾಮಾನು ಸಾಗಿಸಲು ಬಾಡಿಗೆ ಕಾರು ಬಂತು. ಹೊಲಿಗೆ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಅದರಲ್ಲಿಟ್ಟರು. "ಅಪ್ಪಾ, ಮುಂದೆ ಕೂತ್ಕೋ," ಎಂದಳು ಮಗಳು.

"ನೀನು ಸಾಮಾನು ತಗೊಂಡು ಮುಂದೆ ಹೋಗು. ನಾನು ನಿನ್ನ ಭಾವನ ಗಾಡೀಲಿ ಬರ್ತೀನಿ," ಎಂದರು ಮಾವ.

"ಭಾವನ ಗಾಡಿ ಈಗ ಎಷ್ಟೆತ್ತರ ಇದೆ ನೋಡಿದ್ಯಾ?"

"ನೋಡ್ದೆ. ಅದರಲ್ಲೇ ಬರ್ತೀನಿ."

ಕಾರು ಹೋಯಿತು. ಟವರಣ್ಣ ಸ್ಟೂಲಿಟ್ಟ. ಮಾವ ಅದರ ಮೇಲೆ ನಿಂತು ಹಿಡಿ ಹಿಡಿದು ಕಾಲೆತ್ತಲು ನೋಡಿದರು. ಮಂಡಿ ಬಗ್ಗಲಿಲ್ಲ. ಇನ್ನೊಂದು ಕಾಲು ನೋಡಿದರು. ಹಣೆಯ ಮೇಲೆ ಬೆವರು ಮೂಡಿತು. "ಆಟೋ ಕರೀತೀನಿ ಮಾವ," ಎಂದ. ಮಾವ ಮೂರನೇ ಸಲ ಕಾಲೆತ್ತಿದರು.

ಆಗ ಟವರಣ್ಣ ಸ್ಟೂಲನ್ನು ಪಕ್ಕಕ್ಕೆ ಒದ್ದು, ಒಂದು ತೋಳನ್ನು ಅವರ ಬೆನ್ನಿಗೂ ಇನ್ನೊಂದನ್ನು ಮಂಡಿಯ ಕೆಳಗೂ ಕೊಟ್ಟು ಎತ್ತಿಕೊಂಡುಬಿಟ್ಟ. ಅಳಿಯನಾದ ಹದಿನೈದು ವರ್ಷದಲ್ಲಿ ಅವರ ಮೈ ಮುಟ್ಟಿದವನಲ್ಲ. ಮಾವ ಅವನೆಣಿಸಿದ್ದಕ್ಕಿಂತ ಹಗುರವಾಗಿದ್ದರು. ಶರ್ಟಿನಿಂದ ಇಸ್ತ್ರಿಯ ಬಿಸಿ ವಾಸನೆ ಬರುತ್ತಿತ್ತು. ಅವರ ಕೈ ತಾನಾಗಿ ಅವನ ಕುತ್ತಿಗೆಯನ್ನು ಬಳಸಿತು.

"ಏಯ್, ಬಿಡೋ! ನಿನ್ನ ಸೊಂಟ ಹಿಡ್ಕೊಂಡೀತು," ಎಂದರು.

ಇಷ್ಟು ವರ್ಷ ಅವರು ಅವನನ್ನು ನೀವು ಎಂದೇ ಕರೆದಿದ್ದರು. ಮದುವೆಯ ದಿನ, ಜಗಳದ ದಿನ, ಮಗಳು ಹೋದ ದಿನವೂ. ಟವರಣ್ಣ ತುದಿಗಾಲಿನಲ್ಲಿ ನಿಂತು ಅವರನ್ನು ಸೀಟಿನ ಮೇಲೆ ಇಳಿಸಿದ. ಏದುಸಿರು ಬಿಡುತ್ತಾ ಸುತ್ತಿ ಬಂದು ತಾನೂ ಜಿಗಿದು ಹತ್ತಿದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಅವಳಿದ್ದಿದ್ರೆ ಇವತ್ತಿಡೀ ನಗ್ತಿದ್ಲು," ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತಾ.

"ಊರಿಗೆಲ್ಲ ಹೇಳ್ಕೊಂಡು ಬರ್ತಿದ್ಲು," ಎಂದ ಟವರಣ್ಣ.

ನಿಲ್ದಾಣದವರೆಗೂ ಅವಳದೇ ಮಾತು. ಚಿಕ್ಕವಳಿದ್ದಾಗ ಗಿರಾಕಿಯೊಬ್ಬರ ಕೋಟಿನ ಜೇಬಿಗೆ ಬೆಕ್ಕಿನಮರಿ ಹಾಕಿದ್ದು, ಮದುವೆಯಾದ ಹೊಸತರಲ್ಲಿ ಟವರು ನೋಡಲು ಹಟ ಮಾಡಿ ಗುಡ್ಡ ಹತ್ತಿ ದಾರಿಯುದ್ದಕ್ಕೂ ವಾಂತಿ ಮಾಡಿದ್ದು. ನಿಲ್ದಾಣದ ಅಂಗಳದಲ್ಲಿ ಗಾಡಿ ನಿಂತ ಮೇಲೆ ಇಬ್ಬರೂ ಇಳಿಯಲಿಲ್ಲ.

"ಇಲ್ಲೇ ಇರಿ ಅಂತ ಹೇಳ್ಬೇಕು ಅಂದ್ಕೊಂಡಿದ್ದೆ ಮಾವ," ಎಂದ ಟವರಣ್ಣ, ಗಾಜಿನಾಚೆ ನೋಡುತ್ತಾ.

"ಗೊತ್ತಿತ್ತು. ನೀನು ಹೇಳಿದ್ರೆ ಇದ್ಬಿಡ್ತಿದ್ದೆ. ಅದಕ್ಕೇ ನಿನ್ನ ಬಾಯಿ ತೆಗೆಯೋಕೆ ಬಿಡ್ಲಿಲ್ಲ." ಮಾವ ಜೇಬಿನಿಂದ ಟೇಪು ತೆಗೆದು ಬಿಚ್ಚಿ ಮತ್ತೆ ಸುತ್ತಿದರು. "ಆ ಹುಡುಗಿಗೂ ಅಕ್ಕ ಹೋಗಿದಾಳೆ ಕಣೋ. ಮೂರು ವರ್ಷ ನಾನು ನಿನ್ನ ಹತ್ರ ಅತ್ಕೊಂಡೆ, ಅವಳ ಹತ್ರ ಅಳ್ಲೇ ಇಲ್ಲ."

ಇಬ್ಬರೂ ಎಂದೂ ಒಬ್ಬರ ಮುಂದೊಬ್ಬರು ಅತ್ತಿರಲಿಲ್ಲ. ಆದರೆ ಆ ಗುರುವಾರಗಳ ಬಗ್ಗೆ ಅವರೇನು ಹೇಳುತ್ತಿದ್ದಾರೆಂದು ಟವರಣ್ಣನಿಗೆ ತಿಳಿಯಿತು. ಇಳಿದು ಹೋಗಿ ಅವರನ್ನು ಮತ್ತೆ ಎತ್ತಿ ಕೆಳಗಿಳಿಸಿದ. ಈ ಸಲ ಅವರು ಬಿಡೋ ಎನ್ನಲಿಲ್ಲ.

ರೈಲು ಹೊರಟ ಮೇಲೆ ಅವನು ಮನೆಗೆ ಬಂದು ಇಸ್ತ್ರಿಯ ಬಟ್ಟೆಯನ್ನೆಲ್ಲ ಒಂದೇ ಸಲ ಮುಗಿಸಿದ. ಮುಂದಿನ ಗುರುವಾರ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಶರ್ಟು ಹಾಕಿಕೊಂಡು, ಗಾಡಿಯ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತ. ಹೋಗಲು ಎಲ್ಲಿಯೂ ಇರಲಿಲ್ಲ. ಕಂಟ್ರೋಲ್ ರೂಮಿಗೆ ಫೋನು ಮಾಡಿ, ಇನ್ನು ಮೇಲೆ ಗುಡ್ಡಕ್ಕೆ ಸೋಮವಾರದ ಬದಲು ಗುರುವಾರ ಹೋಗುತ್ತೇನೆ ಎಂದ. ಕಾರಣ ಏನು ಬರೆಯಲಿ ಸರ್ ಎಂದಳು ಆ ಹೆಂಗಸು. "ಸ್ವಂತ ಕಾರಣ" ಎಂದ. ಅದಕ್ಕೆ ಫಾರಮ್ಮಿನಲ್ಲಿ ಜಾಗವಿತ್ತು.

ಅದರ ಮುಂದಿನ ವಾರ ಹೊಸ ಸ್ಪ್ರಿಂಗು ಬಂತು. ಮೇಸ್ತ್ರಿ ಒಂದೇ ದಿನದಲ್ಲಿ ಕೂರಿಸಿಕೊಟ್ಟ. ಗುರುವಾರ ಗುಡ್ಡ ಹತ್ತಿ, ಡೀಸೆಲ್ ಇಳಿಸಿ, ಜನರೇಟರಿನ ನೆರಳಿನಲ್ಲಿ ಕೂತು ಡಬ್ಬಿ ಬಿಚ್ಚಿ ಊಟ ಮಾಡಿದ. ಎಷ್ಟಾದರೂ ಟವರಿನ ಬುಡ, ಫೋನಿನಲ್ಲಿ ಸಿಗ್ನಲ್ ಪೂರ್ತಿ ಇತ್ತು. ಮಾವನಿಗೆ ಫೋನು ಮಾಡಿದ.

"ಊಟ ಆಯ್ತಾ ಮಾವ?"

"ಆಯ್ತು. ಏನು ವಿಶೇಷ?"

"ಏನಿಲ್ಲ. ಹಾಗೇ ಮಾಡಿದೆ."

"ಇಲ್ಲಿ ಎಲ್ರೂ ಕೆಲಸಕ್ಕೆ ಹೋಗಿದಾರೆ. ಮನೆ ಗವ್ ಅನ್ನುತ್ತೆ. ಏನಾದ್ರೂ ಮಾತಾಡು."

ಟವರಣ್ಣ ಹೊಸ ಸ್ಪ್ರಿಂಗಿನ ವಿಷಯ ಹೇಳತೊಡಗಿದ. ಹಿಂದಿನ ಪಟ್ಟಿಗಳು ಎಷ್ಟು, ಡ್ರಮ್ಮು ಏರಿಸಿದಾಗ ಎಷ್ಟು ಕುಸಿಯುತ್ತವೆ, ಏಳನೇ ತಿರುವಿನಲ್ಲಿ ಈ ಸಲ ಗಾಡಿ ಹೇಗೆ ನಿಂತಿತು. ಕಾಲು ಗಂಟೆ ಹೇಳಿದ. ಮಾವ "ಹೂಂ" ಎನ್ನುತ್ತಾ ಕೇಳಿದರು, ನಡುವೆ ಒಮ್ಮೆ "ಪಟ್ಟಿ ಎಷ್ಟಗಲ?" ಎಂದೂ ಕೇಳಿದರು. ಆಮೇಲೆ ಅವರ ಹೂಂಗಳು ದೂರದೂರವಾದವು, ಉಸಿರಿನ ಸದ್ದು ನಿಧಾನವಾಯಿತು. ಕೂತಲ್ಲೇ ನಿದ್ದೆ ಹೋಗಿದ್ದರು.

ಟವರಣ್ಣ ಇನ್ನೂ ಸ್ವಲ್ಪ ಹೊತ್ತು ಫೋನನ್ನು ಕಿವಿಯಲ್ಲೇ ಹಿಡಿದುಕೊಂಡಿದ್ದ. ಆಮೇಲೆ ಅದನ್ನು ಜೇಬಿಗಿಟ್ಟು, ಖಾಲಿ ಡ್ರಮ್ಮುಗಳನ್ನು ಗಾಡಿಗೆ ಏರಿಸಿ ಕಟ್ಟತೊಡಗಿದ.